ಅಕ್ರೊಪೊಲಿಸ್ ಹೆಬ್ಬಾಗಿಲು: ಹಳೆಯ ದುರಸ್ತಿಯನ್ನೇ ಬಿಚ್ಚಬೇಕಾಗಿ ಬಂದದ್ದೇಕೆ?

ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡ ಹತ್ತಿದವರು ಒಳಹೋಗುವುದು ಪ್ರೊಪಿಲಾಯಿಯಾ ಎಂಬ ಹೆಬ್ಬಾಗಿಲಿನಿಂದ. ಕ್ರಿ.ಪೂ. 437ರಿಂದ 432ರವರೆಗೆ ಮ್ನೆಸಿಕ್ಲೆಸ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ್ದು. ಸಾಲಾಗಿ ಐದು ಬಾಗಿಲು, ಮೇಲೆ ಚೌಕಗಳಾಗಿ ಕೆತ್ತಿದ ಚಾವಣಿ. ಬಹುಪಾಲು ಪೆಂಟೆಲಿ ಬೆಟ್ಟದ ಅಮೃತಶಿಲೆ. ಗುಡ್ಡದ ಮೇಲಿನ ಕ್ರೇನು, ಅಟ್ಟಣೆ ನೋಡಿದವರಿಗೆ ಎರಡೂವರೆ ಸಾವಿರ ವರ್ಷಗಳ ಸವಕಳಿಯನ್ನು ಸರಿಪಡಿಸುತ್ತಿದ್ದಾರೆ ಅನ್ನಿಸುತ್ತದೆ. ಆದರೆ 1975ರಲ್ಲಿ ಸಂರಕ್ಷಣಾ ಸಮಿತಿ ರಚನೆಯಾದ ಮೇಲೆ ನಡೆದ ಕೆಲಸದಲ್ಲಿ ದೊಡ್ಡ ಪಾಲು, 20ನೇ ಶತಮಾನದ ಮೊದಲ ಭಾಗದಲ್ಲಿ ಮಾಡಿದ್ದ ದುರಸ್ತಿಯನ್ನು ಬಿಚ್ಚುವುದೇ.

ಗ್ರೀಕರು ಈ ಕಲ್ಲುಗಳ ನಡುವೆ ಗಾರೆ ಬಳಸಲಿಲ್ಲ. ಅಕ್ಕಪಕ್ಕದ ಎರಡು ಕಲ್ಲಿಗೂ ಚಾಚುವಂತೆ ಕುಳಿ ಕೊರೆದು, ಅದರಲ್ಲಿ ಕಬ್ಬಿಣದ ಕೊಂಡಿ ಕೂರಿಸಿ, ಸುತ್ತ ಕರಗಿಸಿದ ಸೀಸ ಹೊಯ್ದರು. ಸೀಸ ಗಾಳಿ, ನೀರನ್ನು ತಡೆಯಿತು. ಮೆತ್ತನೆಯ ಲೋಹವಾದ್ದರಿಂದ ಭೂಕಂಪದಲ್ಲಿ ತಾನೇ ಒಂದಿಷ್ಟು ಜಗ್ಗಿ ಕಲ್ಲನ್ನು ಉಳಿಸಿತು. ಸೀಸದ ಹೊದಿಕೆ ಕೆಡದ ಕಡೆ ಒಳಗಿನ ಕಬ್ಬಿಣ ಇವತ್ತಿಗೂ ಗಟ್ಟಿಯಾಗಿದೆ.

1894ರ ಭೂಕಂಪದ ನಂತರ ದುರಸ್ತಿಯ ಹೊಣೆ ಎಂಜಿನಿಯರ್ ನಿಕೊಲಾಯೊಸ್ ಬಲಾನೊಸ್ ಕೈಗೆ ಬಂತು. 1909ರಿಂದ 1917ರವರೆಗೆ ಅವರು ಪ್ರೊಪಿಲಾಯಿಯಾದಲ್ಲಿ ಕೆಲಸ ಮಾಡಿ, ಬಿದ್ದಿದ್ದ ಚಾವಣಿಯ ಒಂದು ಭಾಗವನ್ನು ಮತ್ತೆ ಮೇಲೇರಿಸಿದರು. ಕಬ್ಬಿಣ ಬಳಸಿದ್ದು ತಪ್ಪಲ್ಲ, ಮ್ನೆಸಿಕ್ಲೆಸ್ ಕೂಡ ಬಳಸಿದ್ದ. ಎಡವಿದ್ದು ಸೀಸ ಬಿಟ್ಟು ಸಿಮೆಂಟ್ ನಂಬಿದ್ದರಲ್ಲಿ. ಹೊಸ ಸಿಮೆಂಟಿನ ಕ್ಷಾರಗುಣ ಕೆಲಕಾಲ ಕಬ್ಬಿಣವನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕಂತೆ ಆ ಗುಣ ಇಳಿಯುತ್ತದೆ, ಕೂದಲೆಳೆ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎಳೆತ ತಾಳದ ಅಮೃತಶಿಲೆ ಒಳಗಿನಿಂದಲೇ ಸೀಳುತ್ತದೆ. ಕೆಲವೇ ದಶಕಗಳಲ್ಲಿ ಆದದ್ದು ಇದೇ. ಇನ್ನೊಂದು ಹಾನಿಗೆ ಪರಿಹಾರವೇ ಇಲ್ಲ: ಹೊಸ ತುಂಡು ಸುಲಭವಾಗಿ ಕೂರಲೆಂದು ಮುರಿದ ಪ್ರಾಚೀನ ಕಲ್ಲುಗಳ ಅಂಚನ್ನು ಚಪ್ಪಟೆಯಾಗಿ ಕತ್ತರಿಸಿಬಿಟ್ಟಿದ್ದರು.

ಬಲಾನೊಸ್ ಒಬ್ಬರನ್ನೇ ದೂರುವುದು ಸರಿಯಲ್ಲ. 1931ರಲ್ಲಿ ಅಥೆನ್ಸ್‌ನಲ್ಲೇ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮ್ಮೇಳನ, ಸ್ಮಾರಕಗಳಿಗೆ ಒಳಗೆ ಕಬ್ಬಿಣದ ಸರಳಿರುವ ಬಲವರ್ಧಿತ ಕಾಂಕ್ರೀಟನ್ನು ವಿವೇಚನೆಯಿಂದ ಬಳಸಬಹುದೆಂದು ಒಪ್ಪಿತು. ಅದು ಹೊರಗೆ ಕಾಣದಂತಿರಲಿ ಎಂದೂ ಹೇಳಿತು. ಕಾಣದಂತೆ ಹುದುಗಿಸಿದ ಕಬ್ಬಿಣ ಒಳಗೊಳಗೇ ತುಕ್ಕು ಹಿಡಿದರೆ, ಕಲ್ಲು ಬಿರಿಯುವವರೆಗೂ ಗೊತ್ತಾಗುವುದಿಲ್ಲ.

ಈಗಿನ ವಿಧಾನ ನಿಧಾನದ್ದು. ಪ್ರತಿ ಕಲ್ಲನ್ನೂ ಅಳೆದು, ಚಿತ್ರಿಸಿ, ಸಂಖ್ಯೆ ಕೊಟ್ಟ ಮೇಲೆಯೇ ಕೆಳಗಿಳಿಸುತ್ತಾರೆ. ತುಕ್ಕು ಹಿಡಿದ ಕೊಂಡಿ ತೆಗೆಯುವಾಗ ಕಲ್ಲಿಗೆ ಪೆಟ್ಟಾಗಬಾರದು, ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿಯೇ. ಒಡೆದ ತುಂಡುಗಳಿಗೆ ತೂತು ಕೊರೆದು ತಿರುಪಿನ ಗೆರೆಗಳಿರುವ ಟೈಟಾನಿಯಂ ಸರಳು ಸೇರಿಸಿ, ಬಿಳಿ ಸಿಮೆಂಟಿನ ಗಾರೆಯಿಂದ ಜೋಡಿಸುತ್ತಾರೆ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಇಲ್ಲಿ ಸಿಮೆಂಟಿನಿಂದ ಹಳೆಯ ಅಪಾಯವಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಯಾಕಾಗದು? ಬಿಸಿಲಿಗೆ ಅದು ಟೈಟಾನಿಯಂಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಟೈಟಾನಿಯಂನ ಹಿಗ್ಗುವಿಕೆ ಅಮೃತಶಿಲೆಯದಕ್ಕೆ ಹತ್ತಿರ. ಕೊಂಡಿ, ಸರಳುಗಳ ದಪ್ಪವನ್ನೂ ಲೆಕ್ಕ ಹಾಕಿಯೇ ನಿಗದಿ ಮಾಡುತ್ತಾರೆ: ಭೂಕಂಪದಲ್ಲಿ ಮೊದಲು ಲೋಹ ಸೋಲಬೇಕು, ಕಲ್ಲು ಉಳಿಯಬೇಕು. ತೀರಾ ಬಲವಾದ ಕೊಂಡಿ ಹಾಕುವುದೂ ತಪ್ಪೇ.

ಕಲ್ಲಿನ ಭಾಗ ಇಲ್ಲವಾದಲ್ಲಿ ಡಯೊನಿಸೊಸ್ ಗಣಿಯ ಹೊಸ ಅಮೃತಶಿಲೆ ಬರುತ್ತದೆ. ಮುರಿದ ಮುಖದ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಉಬ್ಬುತಗ್ಗುಗಳನ್ನು ಅಳತೆ ಸಲಕರಣೆಯಿಂದ ಬಿಂದು ಬಿಂದುವಾಗಿ ಹೊಸ ಕಲ್ಲಿಗೆ ಇಳಿಸುತ್ತಾರೆ. ಹೊಸದನ್ನು ಹಳೆಯದಕ್ಕೆ ಹೊಂದುವಂತೆ ಕೆತ್ತುತ್ತಾರೆಯೇ ಹೊರತು ಹಳೆಯದಕ್ಕೆ ಉಳಿ ತಾಗಿಸುವುದಿಲ್ಲ. ಹೊಸ ತುಂಡು ಮೊದಮೊದಲು ಬೆಳ್ಳಗೆ ಎದ್ದು ಕಾಣುತ್ತದೆ. ಪ್ರವಾಸಿಗರು ಗೊಣಗುವುದುಂಟು, ಆದರೆ ಯಾವುದು ಮೂಲ ಎಂದು ತಿಳಿಯಲು ಆ ವ್ಯತ್ಯಾಸ ಇರಲೇಬೇಕು.

ಸಿಮೆಂಟಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. 2020ರಲ್ಲಿ ಹೆಬ್ಬಾಗಿಲಿನಾಚೆ, ಗುಡ್ಡದ ಮೇಲಿನ ಓಡಾಟಕ್ಕೆಂದು ಕಾಂಕ್ರೀಟ್ ಹಾದಿ ಹಾಕಿದಾಗ ಪುರಾತತ್ತ್ವಜ್ಞರು ತಿರುಗಿಬಿದ್ದರು. ಬಂಡೆಗೂ ಕಾಂಕ್ರೀಟಿಗೂ ನಡುವೆ ಹಾಳೆ ಹಾಸಿರುವುದರಿಂದ ಬೇಕೆಂದಾಗ ಎತ್ತಿ ತೆಗೆಯಬಹುದು ಎಂಬುದು ಸರ್ಕಾರದ ವಾದ.