ಹಸಿರು ಹಾವು ಕಣ್ಣಿಗೇ ಕುಕ್ಕುತ್ತದಾ?

ಪ್ರಶ್ನೆ: ನಮ್ಮ ಹಿತ್ತಲ ಮಲ್ಲಿಗೆ ಚಪ್ಪರದಲ್ಲಿ ಹಸಿರು ಹಾವೊಂದು ಸೇರಿಕೊಂಡಿದೆ. ಹಾರಿ ಬಂದು ಕಣ್ಣಿಗೇ ಕುಕ್ಕುತ್ತದೆ ಅಂತ ಅತ್ತೆ ಹೂ ಕೊಯ್ಯಲು ಬಿಡುತ್ತಿಲ್ಲ. ಇದು ನಿಜವಾ?

ನಿಜ ಅಲ್ಲ. ಆದರೆ ಅತ್ತೆಯವರನ್ನು ನೋಡಿ ನಗಬೇಡಿ. ತಮಿಳಿನಲ್ಲಿ ಈ ಹಾವಿನ ಹೆಸರೇ ‘ಕಣ್‌ಕೊತ್ತಿ ಪಾಂಬು’, ಅಂದರೆ ಕಣ್ಣು ಕುಕ್ಕುವ ಹಾವು. ವೈಜ್ಞಾನಿಕ ಹೆಸರಿನಲ್ಲಿರುವ ‘ಅಹೆಟುಲ್ಲಾ’ ಸಿಂಹಳದ ಮಾತು. ಅದರ ಅರ್ಥವೂ ಕಣ್ಣು ಕೀಳುವುದು ಅಂತಲೇ.

ನನ್ನ ಊಹೆ ಇಷ್ಟು: ಈ ಹಾವು ಇರುವುದು ಪೊದೆ, ಬಳ್ಳಿ, ಚಪ್ಪರಗಳಲ್ಲಿ. ಎಷ್ಟೋ ಸಲ ಸರಿಯಾಗಿ ನಮ್ಮ ಮುಖದ ಎತ್ತರಕ್ಕೆ. ಎಲೆ ಸರಿಸಿ ಇಣುಕಿದರೆ ಅದಕ್ಕೆ ಎದುರಾಗುವುದು ಮುಖವೇ. ಗಾಬರಿಯಾದರೆ ಮೈ ಉಬ್ಬಿಸುತ್ತದೆ, ಹುರುಪೆಗಳ ನಡುವೆ ಕಪ್ಪು ಬಿಳುಪು ಚೌಕಳಿ ಕಾಣುತ್ತದೆ. ಬಾಯಿ ತೆರೆದು ಮುಂದಕ್ಕೆ ಹಾಯಲೂಬಹುದು. ಕಥೆ ಹುಟ್ಟಲು ಅಷ್ಟು ಸಾಕಲ್ವಾ?

ನಿಜಕ್ಕೂ ನೋಡಬೇಕಾದದ್ದು ಅದರ ಕಣ್ಣನ್ನು. ನಾಗರಹಾವಿನ ಪಾಪೆ ದುಂಡಗಿದೆ. ಇದರದ್ದು ಬೀಗದ ಕಿಂಡಿಯನ್ನು ಅಡ್ಡ ಮಲಗಿಸಿದ ಹಾಗೆ. ಕಣ್ಣಿನ ಮುಂದಿನಿಂದ ಚೂಪು ಮೂತಿಯವರೆಗೆ ಎರಡೂ ಬದಿ ಒಂದೊಂದು ತೋಡು. ಹಾಗಾಗಿ ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ನೋಡಬಲ್ಲವು, ಓತಿಕ್ಯಾತ ಎಷ್ಟು ದೂರದಲ್ಲಿದೆ ಅನ್ನುವ ಅಂದಾಜು ಸಿಗುತ್ತದೆ. ಹಗಲಲ್ಲಿ ಬೇಟೆಯಾಡುವ ಹಾವಿಗೆ ಇದಕ್ಕಿಂತ ಜಾಸ್ತಿ ಏನು ಬೇಕು!

ವಿಷ ಇದೆ, ಸ್ವಲ್ಪ. ನಾಗರಹಾವಿನ ವಿಷದ ಹಲ್ಲು ಬಾಯಿಯ ಮುಂದಿದ್ದರೆ ಇದರದ್ದು ಹಿಂದೆ. ಹಲ್ಲಿನ ಮೇಲೆ ಒಂದು ಗೀರು, ವಿಷ ಅದರಗುಂಟ ಇಳಿಯಬೇಕು. ಅದಕ್ಕೇ ಹಿಡಿದದ್ದನ್ನು ಬಿಡದೆ ಜಗಿಯುತ್ತಿರುತ್ತದೆ. ಓತಿಕ್ಯಾತ, ಕಪ್ಪೆಗಳಿಗೆ ಅಷ್ಟು ಸಾಕು. ಮನುಷ್ಯರಿಗಾದರೆ ಸಾಮಾನ್ಯವಾಗಿ ನೋವು, ಊತ, ಒಂದಿಷ್ಟು ಜೋಮು. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ನಿಮ್ಮ ಮನೆ ಮಲೆನಾಡಿನ ಕಡೆಯಾದರೆ ಮಾತ್ರ ಒಂದು ಎಚ್ಚರ. ಅಲ್ಲಿ ಹಸಿರು ಬಣ್ಣದ ಗುಳಿಮಂಡಲ ಅನ್ನುವ ವಿಷದ ಹಾವೂ ಇದೆ. ಮೈ ದಪ್ಪ, ತಲೆ ತ್ರಿಕೋನ. ನಿಮ್ಮದು ಬೆರಳಿನಷ್ಟು ತೆಳ್ಳಗೆ, ಮೂತಿ ಚೂಪಾಗಿದ್ದರೆ ಅದು ಗುಳಿಮಂಡಲ ಅಲ್ಲ, ನಾವು ಮಾತಾಡುತ್ತಿರುವ ಹಸಿರು ಹಾವೇ. ಕಚ್ಚಿದ್ದು ಯಾವುದೆಂದು ಗೊತ್ತಾಗದಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ.

ಅಂದ ಹಾಗೆ, ಚಪ್ಪರದಲ್ಲಿ ಮೊಟ್ಟೆ ಹುಡುಕಬೇಡಿ, ಇದು ಮರಿ ಹಾಕುವ ಹಾವು. ಹೂ ಕೊಯ್ಯುವ ಮೊದಲು ಉದ್ದ ಕೋಲಿನಿಂದ ಚಪ್ಪರವನ್ನು ಮೆಲ್ಲಗೆ ಅಲ್ಲಾಡಿಸಿ, ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ಗಾಳಿಗೆ ಬಳ್ಳಿ ತೂಗಿದಂತೆ ತಾನೂ ತೂಗುವುದು ಇದರ ಅಭ್ಯಾಸ. ಗಾಳಿ ನಿಂತ ಮೇಲೂ ಒಂದು ಬಳ್ಳಿ ತೂಗುತ್ತಲೇ ಇದ್ದರೆ ಆ ಮೂಲೆಯ ಹೂ ನಾಳೆಗಿರಲಿ.