ಕಿಮುರಾ ಯಾವ ಕಡೆ ತಿರುಗುತ್ತದೆ? ಬ್ರೆಜಿಲಿಯನ್ ಜಿಯು-ಜಿತ್ಸು ಚರಿತ್ರೆಯ ನನ್ನ ಟಿಪ್ಪಣಿ

ಬ್ರೆಜಿಲಿಯನ್ ಜಿಯು-ಜಿತ್ಸು ಅಂದರೆ ಎದುರಾಳಿಯನ್ನು ನೆಲಕ್ಕೆ ಕೆಡವಿ, ಪಟ್ಟು ಹಾಕಿ ಸೋಲೊಪ್ಪಿಸುವ ಕಾದಾಟ. ನಾಲ್ಕು ತಿಂಗಳಿಂದ ಹೊಸಬರ ಬಿಳಿ ಬೆಲ್ಟ್ ಕಟ್ಟಿಕೊಂಡು ಮ್ಯಾಟ್ ಮೇಲೆ ಹೊರಳಾಡುತ್ತಿದ್ದೇನೆ. ಪಟ್ಟುಗಳಿಗಿಂತ ಅವುಗಳ ಹೆಸರುಗಳೇ ನನ್ನ ತಲೆ ತಿಂದಿವೆ. ಒಂದಕ್ಕೆ ಜಪಾನಿ ಹೆಸರು, ಇನ್ನೊಂದಕ್ಕೆ ಪೋರ್ಚುಗೀಸ್ ಹೆಸರು, ಮತ್ತೊಂದಕ್ಕೆ, ಅಂದರೆ ಕೈ ತಿರುಚುವ ಕಿಮುರಾ ಪಟ್ಟಿಗೆ, ಯಾರೋ ಮನುಷ್ಯನ ಹೆಸರು. ಹೆಸರಿನ ಬೆನ್ನು ಹತ್ತಿದರೆ ಚರಿತ್ರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಅಂತ ತಡವಾಗಿ ಗೊತ್ತಾಯಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಗಾರ್ಡ್ (ಕೆಳಗೆ ಮಲಗಿ ಕಾಲುಗಳಿಂದ ಎದುರಾಳಿಯನ್ನು ತಡೆಯುವುದು), ಮೌಂಟ್ (ಎದುರಾಳಿಯ ಮೇಲೆ ಕೂರುವುದು) ಇವನ್ನು ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ಅದು ಮೊದಲ ವಾರದಲ್ಲೇ ಮೈಗೆ ಗೊತ್ತಾಗಿರುತ್ತದೆ.

ಜೂಡೊ ಕಲಿತವರು ಜಿಯು-ಜಿತ್ಸು ಯಾಕೆ ಕಲಿಸಿದರು?

ನನ್ನ ಮೊದಲ ಗೊಂದಲ ಇದು. ಬ್ರೆಜಿಲ್‌ನ ಕಥೆ ಶುರುವಾಗುವುದು ಮಿತ್ಸುಯೊ ಮಾಯೆದಾ ಅವರಿಂದ. ಅವರು ಕಲಿತದ್ದು ಟೋಕಿಯೊದ ಕೊಡೊಕಾನ್‌ನಲ್ಲಿ. ಕೊಡೊಕಾನ್ ಅಂದರೆ ಜೂಡೊದ ತವರುಮನೆ. ಹಾಗಾದರೆ ಬ್ರೆಜಿಲ್‌ನಲ್ಲಿ ಹುಟ್ಟಿದ್ದು ಬ್ರೆಜಿಲಿಯನ್ ಜೂಡೊ ಆಗಬೇಕಿತ್ತು, ಅಲ್ವಾ?

ಉತ್ತರ ಸರಳ. ಜಿಗೊರೊ ಕಾನೊ ತೆಂಜಿನ್ ಶಿನ್ಯೊ, ಕಿತೊ ಎಂಬ ಎರಡು ಹಳೆಯ ಜುಜುತ್ಸು ಪರಂಪರೆಗಳನ್ನು ಕಲಿತವರು. 1882ರಲ್ಲಿ ಟೋಕಿಯೊದ ಎಯ್‌ಶೋಜಿ ಎಂಬ ಬೌದ್ಧ ದೇಗುಲದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ತಮ್ಮದೇ ಪಾಠ ಶುರು ಮಾಡಿ ಅದಕ್ಕೆ ಜೂಡೊ ಎಂದು ಹೆಸರಿಟ್ಟರು. ಆದರೆ ಜಪಾನಿನ ಹೊರಗೆ ಆ ಹೆಸರು ತಕ್ಷಣ ಹರಡಲಿಲ್ಲ. ಹೊರಗಿನವರು ಬಹಳ ವರ್ಷ ಅದನ್ನು 'ಕಾನೊ ಜಿಯು-ಜಿತ್ಸು' ಅಂತಲೇ ಕರೆದರು. ಮಾಯೆದಾ ಹಡಗಿನಿಂದ ಇಳಿದಾಗಲೂ ಜನರ ಬಾಯಲ್ಲಿದ್ದದ್ದು ಅದೇ ಹೆಸರು. ಜಪಾನೀಯರು ಇವತ್ತು ಹೇಳುವುದು ಜುಜುತ್ಸು. ಜಿಯು-ಜಿತ್ಸು ಅನ್ನುವುದು ಪಾಶ್ಚಾತ್ಯರ ಕಿವಿಗೆ ಬಿದ್ದ ಹಳೆಯ ರೂಪ. ಇಂಗ್ಲಿಷರ ಬಾಯಲ್ಲಿ ಮಡಿಕೇರಿ ಮರ್ಕಾರಾ ಆಗಲಿಲ್ಲವೇ, ಹಾಗೆ. ಬ್ರೆಜಿಲ್ ಆ ರೂಪವನ್ನೇ ಇಟ್ಟುಕೊಂಡಿತು.

ಇಲ್ಲೇ ಇನ್ನೊಂದು ಕಥೆ. ಜಿಯು-ಜಿತ್ಸು ಹುಟ್ಟಿದ್ದು ಭಾರತದಲ್ಲಿ, ಬೌದ್ಧ ಭಿಕ್ಷುಗಳು ಅದನ್ನು ಚೀನಾ ದಾಟಿಸಿ ಜಪಾನಿಗೆ ಒಯ್ದರು ಅಂತ ಬ್ರೆಜಿಲ್ ಮೂಲದ ಅಕಾಡೆಮಿಗಳು ಹೇಳುವುದುಂಟು. ಕೇಳಿದಾಗ ನನಗೂ ಎದೆ ಉಬ್ಬಿತ್ತು. ದಾಖಲೆ ಹುಡುಕಲು ಹೋದರೆ ಏನೂ ಇಲ್ಲ. ಟಿಪ್ಪಣಿಯಲ್ಲಿ ಇದನ್ನು 'ಕಥೆ' ಎಂಬ ಕಾಲಂಗೆ ಹಾಕಿದ್ದೇನೆ. ನೀವೂ ಒಂದು ಗೆರೆ ಎಳೆದು 'ದಾಖಲೆ', 'ಕಥೆ' ಅಂತ ಎರಡು ಕಾಲಂ ಮಾಡಿಕೊಳ್ಳಿ. ಮುಂದೆ ಬಹಳ ಬೇಕಾಗುತ್ತದೆ.

ಕಷ್ಟದಲ್ಲಿದ್ದ ಕೌಂಟ್

ಮಾಯೆದಾ ಹುಟ್ಟಿದ್ದು 1878ರಲ್ಲಿ, ಜಪಾನಿನ ಉತ್ತರದ ಅವೊಮೊರಿಯಲ್ಲಿ. 1904ರಲ್ಲಿ ಹಿರಿಯ ಜೂಡೊ ಗುರು ತ್ಸುನೆಜಿರೊ ತೊಮಿತಾ ಜೊತೆ ಅಮೆರಿಕಕ್ಕೆ ಹೋದರು. ಆಮೇಲೆ ಊರೂರು ಅಲೆದು ಕಾದಾಟವೇ ಹೊಟ್ಟೆಪಾಡು. ಇಂಗ್ಲೆಂಡ್, ಸ್ಪೇನ್, ಕ್ಯೂಬಾ, ಮೆಕ್ಸಿಕೊ. ಸ್ಪೇನ್‌ನಲ್ಲಿ ಸಿಕ್ಕ ಹೆಸರು 'ಕೊಂಡೆ ಕೊಮಾ'. ಕೊಂಡೆ ಅಂದರೆ ಕೌಂಟ್. ಕೊಮಾ ಬಂದದ್ದು 'ಕೊಮಾರು' ಎಂಬ ಜಪಾನಿ ಮಾತಿನಿಂದ, ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಅಂತ ಅರ್ಥ. ಕೈ ಖಾಲಿಯಾಗಿದ್ದಾಗ ತಮ್ಮನ್ನೇ ಗೇಲಿ ಮಾಡಿಕೊಂಡು ಇಟ್ಟುಕೊಂಡ ಹೆಸರು ಅಂತ ಹೇಳುತ್ತಾರೆ. ನನಗೆ ಈ ಮನುಷ್ಯ ಇಷ್ಟವಾದದ್ದೇ ಇಲ್ಲಿ.

1914ರಲ್ಲಿ ಬ್ರೆಜಿಲ್‌ಗೆ ಬಂದರು. ಕೊನೆಗೆ ನೆಲೆಸಿದ್ದು ಅಮೆಜಾನ್ ಮುಖಜದ ಬೆಲೆಮ್ ಎಂಬ ಊರಿನಲ್ಲಿ. ಜಪಾನಿ ವಲಸಿಗರು ಅಮೆಜಾನ್ ಸೀಮೆಯಲ್ಲಿ ನೆಲೆಯೂರಲು ಸಹಾಯ ಮಾಡುತ್ತಾ 1941ರಲ್ಲಿ ಅಲ್ಲೇ ತೀರಿಕೊಂಡರು.

ಕಾರ್ಲೋಸ್: ಲೆಕ್ಕ ಹಾಕಿ ನೋಡಿ

ಬ್ರೆಜಿಲ್‌ನಲ್ಲಿ ಈ ಆಟ ಬೆಳೆಸಿದ ಮನೆತನ ಗ್ರೇಸಿ. ಬೆಲೆಮ್‌ನ ಗಸ್ತಾಂವ್ ಗ್ರೇಸಿ ಸರ್ಕಸ್ ವ್ಯವಹಾರದಲ್ಲಿದ್ದವರು. ಆ ನಂಟಿನಿಂದ ಮಾಯೆದಾ ಪರಿಚಯ. ಗಸ್ತಾಂವ್ ಅವರ ಹಿರಿಯ ಮಗ ಕಾರ್ಲೋಸ್ ಹುಟ್ಟಿದ್ದು 1902ರಲ್ಲಿ. 1917ರ ಹೊತ್ತಿಗೆ ಮಾಯೆದಾ ಬಳಿ ಕಲಿಯಲು ಶುರು ಮಾಡಿದರು ಅನ್ನುವುದು ಮನೆತನದ ಮಾತು. 1920ರ ದಶಕದ ಆರಂಭದಲ್ಲಿ ಕುಟುಂಬ ರಿಯೊಗೆ ಹೊರಟುಹೋಯಿತು. ಮಾಯೆದಾ ಊರಲ್ಲೇ ಕೂತಿರುವ ಜಾತಿಯವರಲ್ಲ. ಅವರಿಲ್ಲದಾಗ ಜಸಿಂತೊ ಫೆರೊ ಎಂಬ ಹಿರಿಯ ಶಿಷ್ಯ ಪಾಠ ನೋಡಿಕೊಳ್ಳುತ್ತಿದ್ದರು. ಎಲ್ಲ ಕಳೆದರೆ ಗುರುವಿನ ಕೈಯಲ್ಲೇ ನೇರವಾಗಿ ಕಲಿತ ಕಾಲ ನಾವು ಅಂದುಕೊಂಡಷ್ಟು ಉದ್ದವಿಲ್ಲ.

ರಿಯೊದಲ್ಲಿ ಅಕಾಡೆಮಿ ಶುರುವಾದದ್ದು 1925ರಲ್ಲಿ ಅಂತ ಮನೆತನ ಹೇಳುತ್ತದೆ. ಹಳೆಯ ಪತ್ರಿಕೆಗಳನ್ನು ಕೆದಕಿದವರು 1930 ಅನ್ನುತ್ತಾರೆ. ಅದೂ ಮೊದಲಿಗೆ ದೊನಾತೊ ಪಿರೆಸ್ ಎಂಬವರ ಮುಂದಾಳತ್ವದಲ್ಲಿ, ಕಾರ್ಲೋಸ್ ಮತ್ತು ತಮ್ಮ ಜಾರ್ಜ್ ಸಹಾಯಕರಾಗಿ. ಎರಡನ್ನೂ ಬರೆದಿಟ್ಟುಕೊಳ್ಳಿ, ಆದರೆ ಬೇರೆ ಬೇರೆ ಕಾಲಂನಲ್ಲಿ.

ನನ್ನ ಅಡ್ಡದಾರಿ: ಇಸವಿಗಳ ಕೊನೆಯ ಎರಡೆರಡು ಅಂಕಿ ಜೋಡಿಸಿ ಮೊಬೈಲ್ ನಂಬರ್ ಮಾಡಿಕೊಂಡಿದ್ದೇನೆ. 14-17-25-51-93. ಸರಿಯಾಗಿ ಹತ್ತು ಅಂಕಿ! ಮಾಯೆದಾ ಬಂದದ್ದು, ಕಾರ್ಲೋಸ್ ಕಲಿತದ್ದು, ಅಕಾಡೆಮಿ, ಆಮೇಲೆ ಮುಂದೆ ಬರುವ ಕಿಮುರಾ ಪಂದ್ಯ ಮತ್ತು ಯುಎಫ್‌ಸಿ ಎಂಬ ಕಾದಾಟದ ಪಂದ್ಯಾವಳಿ. ಒಂದರಿಂದ ಶುರುವಾಗುವ ಮೊಬೈಲ್ ನಂಬರ್ ನಮ್ಮ ದೇಶದಲ್ಲಿ ಇಲ್ಲ ಅಂತ ತಂಗಿ ನಕ್ಕಳು. ಇರಲಿ, ನನಗಂತೂ ಮರೆತಿಲ್ಲ.

ಹೆಲಿಯೊ, ಮತ್ತೆ ನಮ್ಮ ತಾತನ ಪ್ರಶ್ನೆ

ಕಾರ್ಲೋಸ್ ಅವರ ಕಿರಿಯ ತಮ್ಮ ಹೆಲಿಯೊ, ಹುಟ್ಟಿದ್ದು 1913. ಅವರ ಕಥೆ ಎಲ್ಲರಿಗೂ ಬಾಯಿಪಾಠ. ಸಣಕಲು ಹುಡುಗ, ಮೈ ದಣಿಸಬೇಡ ಅಂತ ವೈದ್ಯರ ಮಾತು, ಮೂಲೆಯಲ್ಲಿ ಕೂತು ಅಣ್ಣನ ಪಾಠ ನೋಡಿಯೇ ಕಲಿತದ್ದು. ಒಂದು ದಿನ ಅಣ್ಣ ತಡವಾಗಿ ಬಂದಾಗ ತಾನೇ ಶಿಷ್ಯನಿಗೆ ಹೇಳಿಕೊಟ್ಟದ್ದು. ಬಲವಿಲ್ಲದ್ದಕ್ಕೆ ಸನ್ನೆಗೋಲಿನ ಲೆಕ್ಕದಲ್ಲಿ ಪಟ್ಟುಗಳನ್ನು ತಿದ್ದಿದ್ದು. ಆದರೆ ಇದೇ ಹೆಲಿಯೊ ಹರೆಯದಲ್ಲಿ ಈಜು, ದೋಣಿ ಸ್ಪರ್ಧೆಗಳಲ್ಲಿ ಇದ್ದವರು. 1932ರಲ್ಲೇ ಬಾಕ್ಸರ್ ಒಬ್ಬನನ್ನು ಸೋಲಿಸಿದ್ದರು. ಸಣಕಲು ಹುಡುಗನ ಕಥೆಯನ್ನು ಪೂರ್ತಿ ಅಳಿಸಬೇಡಿ, ಪೂರ್ತಿ ನಂಬಲೂ ಬೇಡಿ.

ನೆಲದ ಮೇಲಿನ ಆಟವನ್ನೆಲ್ಲ ಬ್ರೆಜಿಲ್‌ನವರೇ ಕಂಡುಹಿಡಿದರು ಅನ್ನುವುದೂ ಸರಿಯಲ್ಲ. ಜಪಾನಿನ ಕಾಲೇಜು ಹುಡುಗರ 'ಕೊಸೆನ್' ಜೂಡೊ ಪಂದ್ಯಗಳು 1914ರಿಂದಲೇ ನೆಲದ ಕಾದಾಟಕ್ಕೆ ಹೆಸರಾಗಿದ್ದವು. ನಾವು ಟ್ರಯಾಂಗಲ್ ಅನ್ನುವ ಕಾಲಿನ ಉರುಳು ಪಳಗಿದ್ದು ಅಲ್ಲೇ.

ಹಾಗಾದರೆ ಗ್ರೇಸಿಗಳು ಮಾಡಿದ್ದೇನು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ತಾತನಿಂದ. ಮೈಸೂರಿನಲ್ಲಿ ಹರೆಯದಲ್ಲಿ ಗರಡಿ ಮಣ್ಣು ಮೆತ್ತಿಕೊಂಡವರು. ನಾನು ಹಾಲ್‌ನಲ್ಲಿ ಅಂಗಾತ ಮಲಗಿ ಗಾರ್ಡ್ ತೋರಿಸಿದೆ. ತಾತ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಲ್ಲೋ ಮಗಾ, ಬೆನ್ನು ನೆಲಕ್ಕೆ ತಾಗಿದ ಮೇಲೆ ಇನ್ನೆಂಥ ಕುಸ್ತಿನೋ? ನೀನು ಆಗಲೇ ಚಿತ್!"

"ಇಲ್ಲ ತಾತ, ಇದರಲ್ಲಿ ಇಲ್ಲಿಂದಲೇ ಶುರು."

ಅದೇ ವ್ಯತ್ಯಾಸ. ಕುಸ್ತಿಯಲ್ಲಿ ಬೆನ್ನು ತಾಗಿದರೆ ಆಟ ಮುಗಿಯಿತು. ಜೂಡೊದಲ್ಲಿ ಒಳ್ಳೆಯ ಎಸೆತ ಬಿದ್ದರೆ, ಅದುಮಿ ಹಿಡಿದರೆ ಗೆಲುವು. ಗ್ರೇಸಿಗಳು ತಮ್ಮ ಪಂದ್ಯಗಳಿಗೆ ಹಾಕುತ್ತಿದ್ದ ಷರತ್ತಿನಲ್ಲಿ ಎರಡಕ್ಕೂ ಬೆಲೆ ಇಲ್ಲ. ಎದುರಾಳಿ ಸೋಲೊಪ್ಪಬೇಕು, ಇಲ್ಲವೇ ಪ್ರಜ್ಞೆ ತಪ್ಪಬೇಕು. ನಿಯಮ ಬದಲಾದರೆ ಆಟವೇ ಬದಲಾಗುತ್ತದೆ. ಕೆಳಗೆ ಬಿದ್ದವನಿಗೆ ಬೇಕಾದಷ್ಟು ಹೊತ್ತು ಸಿಕ್ಕಿದರೆ ಅವನು ಕೆಳಗಿನಿಂದಲೇ ಆಡಲು ಕಲಿಯುತ್ತಾನೆ.

1951, ಮರಕಾನಾ. ನಾನು ಮೂರು ವಾರ ಸಿಕ್ಕಿಕೊಂಡ ಜಾಗ

ಮಸಾಹಿಕೊ ಕಿಮುರಾ ಜಪಾನಿನ ದೊಡ್ಡ ಜೂಡೊ ಚಾಂಪಿಯನ್. ತಂಡದ ಜೊತೆ ಬ್ರೆಜಿಲ್‌ಗೆ ಬಂದಿದ್ದರು. ತಂಡದ ಕಿರಿಯ ಕಾಟೊ ಅವರನ್ನು ಹೆಲಿಯೊ ಮೊದಲು ಕತ್ತು ಹಿಚುಕಿ ಸೋಲಿಸಿದರು. ಆಮೇಲೆ 1951ರ ಅಕ್ಟೋಬರ್ 23ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಕಿಮುರಾ ಸರದಿ. ಹೆಲಿಯೊಗೆ 38, ಕಿಮುರಾಗೆ 34. ಕಿಮುರಾ ಎತ್ತಿ ಎತ್ತಿ ಎಸೆದರು. ಷರತ್ತಿನ ಪ್ರಕಾರ ಎಸೆತಕ್ಕೆ ಲೆಕ್ಕವಿಲ್ಲ. ಎರಡನೆಯ ಸುತ್ತಿನಲ್ಲಿ ಹೆಲಿಯೊ ಅವರ ಎಡಗೈ ಸಿಕ್ಕಿತು, ತಿರುಚಿದರು. ಮೂಳೆ ಮುರಿದ ಸದ್ದು ಕೇಳಿಸಿತು ಅಂತ ಕಿಮುರಾ ಆಮೇಲೆ ಬರೆದುಕೊಂಡಿದ್ದಾರೆ. ಹೆಲಿಯೊ ಸೋಲೊಪ್ಪಲಿಲ್ಲ. ಅವರ ಪರವಾಗಿ ಒಪ್ಪಿದ್ದು ಅಣ್ಣ ಕಾರ್ಲೋಸ್.

ಮೂರು ನಿಮಿಷ ತಡೆದುಕೊಂಡರೂ ಹೆಲಿಯೊ ಗೆದ್ದಂತೆಯೇ ಅಂತ ಕಿಮುರಾ ಮೊದಲೇ ಹೇಳಿದ್ದರಂತೆ. ಹಾಗಾಗಿ ಇದು ಗ್ರೇಸಿಗಳಿಗೆ ನೈತಿಕ ಗೆಲುವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ! ಆದರೆ ಒಂದು ಮೆಚ್ಚಬೇಕು. ತಮ್ಮನ್ನು ಸೋಲಿಸಿದ ಪಟ್ಟಿಗೆ ಸೋಲಿಸಿದವರ ಹೆಸರನ್ನೇ ಇಟ್ಟರು.

ಈಗ ನನ್ನ ತೊಡಕು. ಜೂಡೊದಲ್ಲಿ ಆ ಪಟ್ಟಿನ ಹೆಸರು 'ಉದೆ-ಗರಾಮಿ'. ಇಂಟರ್‌ನೆಟ್‌ನಲ್ಲಿ ಉದೆ-ಗರಾಮಿ ಅಂತ ಹುಡುಕಿದೆ. ಒಂದು ವಿಡಿಯೊದಲ್ಲಿ ಕೈ ತಲೆಯ ಕಡೆ, ಇನ್ನೊಂದರಲ್ಲಿ ಸೊಂಟದ ಕಡೆ. ಯಾವುದೋ ಒಂದು ತಪ್ಪು ಅಂದುಕೊಂಡೆ. ಎರಡೂ ಸರಿ. ಜೂಡೊದಲ್ಲಿ ಎರಡಕ್ಕೂ ಒಂದೇ ಹೆಸರು. ನಮ್ಮಲ್ಲಿ ಒಂದು ಅಮೆರಿಕಾನಾ, ಇನ್ನೊಂದು ಕಿಮುರಾ. ಪಾಶ್ಚಾತ್ಯರ ಹಳೆಯ ಕ್ಯಾಚ್ ಕುಸ್ತಿಯವರು ಕಿಮುರಾವನ್ನೇ 'ಡಬಲ್ ರಿಸ್ಟ್‌ಲಾಕ್' ಅನ್ನುತ್ತಾರೆ.

ನಿಧಾನವಾಗಿ ನೋಡೋಣ. ಎದುರಾಳಿ ಅಂಗಾತ ಬಿದ್ದಿದ್ದಾನೆ. ನೀವು ಪಕ್ಕದಿಂದ ಅವನ ಎದೆಯ ಮೇಲೆ. ಆಚೆ ಕಡೆಯ ಅವನ ಕೈ ಮೊಣಕೈಯಲ್ಲಿ ಮಡಚಿದೆ. ನಿಮ್ಮ ಒಂದು ಕೈ ಅವನ ಮಣಿಕಟ್ಟು ಹಿಡಿಯುತ್ತದೆ. ಇನ್ನೊಂದು ಕೈ ಅವನ ರಟ್ಟೆಯ ಕೆಳಗಿನಿಂದ ತೂರಿ ನಿಮ್ಮದೇ ಮಣಿಕಟ್ಟನ್ನು ಹಿಡಿಯುತ್ತದೆ. ಇಲ್ಲಿಯವರೆಗೆ ಎರಡೂ ಪಟ್ಟು ಒಂದೇ. ನಾನು ಎಡವಿದ್ದು ಇಲ್ಲೇ. ಹಿಡಿತ ಒಂದೇ ಆದ್ದರಿಂದ ಪಟ್ಟೂ ಒಂದೇ ಅಂದುಕೊಂಡೆ. ವ್ಯತ್ಯಾಸ ಇರುವುದು ಹಿಡಿತದಲ್ಲಲ್ಲ, ಅವನ ಅಂಗೈಯಲ್ಲಿ.

ಅವನ ಕೈ ತಲೆಯ ಕಡೆ ಇದ್ದು, ಅಂಗೈ ಮೇಲ್ಮುಖವಾಗಿದ್ದರೆ ಅದು ದೇವರ ಅಭಯ ಹಸ್ತ. ಮಣಿಕಟ್ಟನ್ನು ಮ್ಯಾಟಿಗೆ ಒತ್ತಿಹಿಡಿದು ಅವನ ಸೊಂಟದ ಕಡೆ ಎಳೆಯುತ್ತಾ ಮೊಣಕೈಯನ್ನು ಸ್ವಲ್ಪ ಮೇಲೆತ್ತಬೇಕು. ಅಮೆರಿಕಾನಾ.

ಅವನ ಕೈ ಸೊಂಟದ ಕಡೆ ಇದ್ದು, ಅಂಗೈ ಮ್ಯಾಟಿನ ಕಡೆ ತಿರುಗಿದ್ದರೆ, ಪೊಲೀಸರು ಕಳ್ಳನ ಕೈಯನ್ನು ಬೆನ್ನ ಹಿಂದೆ ತಿರುಚುತ್ತಾರಲ್ಲ, ಆ ದಾರಿ. ಕೈಯನ್ನು ಅವನ ಬೆನ್ನ ಹಿಂದಕ್ಕೆ ಒಯ್ದು ತಲೆಯ ಕಡೆ ಎತ್ತಬೇಕು. ಕಿಮುರಾ.

ಒಂದು ಎಚ್ಚರಿಕೆ. ಅಭಯ ಹಸ್ತ ಅಮೆರಿಕಾನಾ ಆದರೆ ಕೆಳಗೆ ಇಳಿದ ವರದ ಹಸ್ತ ಕಿಮುರಾ ಆಗಬೇಕಲ್ಲ ಅಂತ ನಾನು ಜಾಣತನ ಮಾಡಿದ್ದೆ. ಆಗುವುದಿಲ್ಲ. ವರದ ಹಸ್ತದಲ್ಲಿ ಅಂಗೈ ಭಕ್ತರ ಕಡೆ ಇರುತ್ತದೆ. ಕಿಮುರಾದಲ್ಲಿ ಅದು ಹಿಂದಕ್ಕೆ ತಿರುಗಿರಬೇಕು. ಆ ಜಾಣತನ ನಂಬಿ ಎಳೆದ ದಿನ ಜೊತೆಗಾರ ಕೆಳಗೆ ಮಲಗಿಯೇ ಆಕಳಿಸಿದ. ಇನ್ನೊಂದು, ಎರಡೂ ನೋವು ಕೊಡುವುದು ಭುಜಕ್ಕೆ. ಭುಜ ಎಚ್ಚರಿಕೆ ಕೊಡುವುದು ತಡವಾಗಿ. ನಿಧಾನವಾಗಿ ತಿರುಗಿಸಿ, ಟ್ಯಾಪ್ (ಸೋಲೊಪ್ಪಿ ಕೈ ತಟ್ಟುವುದು) ಬಂದ ಕೂಡಲೇ ಬಿಡಿ.

ಗ್ರೇಸಿ ಅಲ್ಲದ ಕವಲು

ಓಸ್ವಾಲ್ಡೊ ಫಾಡಾ ರಿಯೊ ಹೊರವಲಯದ ಬೆಂಟೊ ಹಿಬೇರೊ ಕಡೆಯವರು. ಅವರ ಗುರು ಲೂಯಿಸ್ ಫ್ರಾನ್ಸಾ. ಆ ದಾರಿಯೂ ಮಾಯೆದಾ ಮತ್ತು ಜೊತೆಗಾರರ ಬಳಿಗೇ ಹೋಗುತ್ತದೆ, ಗ್ರೇಸಿ ಮನೆಯನ್ನು ಮುಟ್ಟದೆ. ಫಾಡಾ ಬಡ ಮಕ್ಕಳಿಗೆ ಕಲಿಸುತ್ತಿದ್ದರು. 1950ರ ದಶಕದ ನಡುವಿನಲ್ಲಿ ಪತ್ರಿಕೆಯ ಮೂಲಕ ಗ್ರೇಸಿಗಳಿಗೆ ಸವಾಲು ಹಾಕಿ ಗೆದ್ದರು, ಅದೂ ಕಾಲಿನ ಪಟ್ಟುಗಳಿಂದ. ಅಂಥ ಪಟ್ಟು ಹಾಕುವವರಿಗೆ ಗ್ರೇಸಿ ಕಡೆಯವರು ಇಟ್ಟ ಅಡ್ಡಹೆಸರು 'ಸಪಟೇರೊ', ಅಂದರೆ ಚಪ್ಪಲಿ ಹೊಲಿಯುವವನು. ಇವತ್ತು ಕಾಲಿನ ಪಟ್ಟು ಬಾರದವರು ದೊಡ್ಡ ಪಂದ್ಯಗಳಲ್ಲಿ ಉಳಿಯುವುದೇ ಕಷ್ಟ. ನೋವಾ ಉನಿಯೊ ಎಂಬ ಹೆಸರಾಂತ ಜಿಯು-ಜಿತ್ಸು ತಂಡದ ಒಂದು ಬೇರು ಫಾಡಾ ಅವರಲ್ಲೇ ಇದೆ.

ಉಳಿದದ್ದು, ಬೇಗ ಬೇಗ

1955ರಲ್ಲಿ ಹೆಲಿಯೊ ತಮ್ಮ ಹಳೆಯ ಶಿಷ್ಯ ವಾಲ್ಡೆಮಾರ್ ಸಾಂತಾನಾ ಜೊತೆ ಮೂರೂವರೆ ಗಂಟೆಗೂ ಜಾಸ್ತಿ ಕಾದಾಡಿ ಸೋತರು. ಸೇಡು ತೀರಿಸಿದ್ದು ಕಾರ್ಲೋಸ್ ಅವರ ಮಗ ಕಾರ್ಲ್‌ಸನ್. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ. ಹೆಲಿಯೊ ಮಗ ರೊಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಜಗತ್ತಿಗೆ ಜಿಯು-ಜಿತ್ಸು ಗೊತ್ತಾದದ್ದೇ ಅಲ್ಲಿಂದ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1996ರಲ್ಲಿ, ರಿಯೊದಲ್ಲಿ. ದೊಡ್ಡವರ ಬೆಲ್ಟ್ ಸಾಲು ಬಿಳಿ, ನೀಲಿ, ನೇರಳೆ, ಕಂದು, ಕಪ್ಪು.

ಕೊನೆಗೆ ಒಂದು ಉಚ್ಚಾರಣೆ. ಬ್ರೆಜಿಲ್‌ನವರು ಪದದ ಮೊದಲ 'ರ' ಅಕ್ಷರವನ್ನು 'ಹ' ಅಂತಾರೆ. ರೊಯ್ಸ್ ಅಲ್ಲ, ಹೊಯ್ಸ್. ಹೆಲಿಯೊ ಅವರ ಇನ್ನೊಬ್ಬ ಮಗ ರಿಕ್ಸನ್ ಅಲ್ಲ, ಹಿಕ್ಸನ್. ರಿಯೊ ಕೂಡ ಹಿಯೊ. ಇದು ಗೊತ್ತಿಲ್ಲದೆ ಎರಡು ವಾರ ಹಿಕ್ಸನ್ ಬೇರೆ, ರಿಕ್ಸನ್ ಬೇರೆ ಅಂತ ಇಬ್ಬರಿಗೂ ಒಂದೊಂದು ಪುಟ ಬಿಟ್ಟಿದ್ದೆ.