ಕಾರ್ಡು ಬಂತು, ಚಿಕಿತ್ಸೆ ಯಾಕೆ ಇನ್ನೂ ಕಷ್ಟ? ಬೌದ್ಧಿಕ ಅಂಗವಿಕಲತೆ ಇರೋರ ಆರೋಗ್ಯದ ಹಿನ್ನೆಲೆ

ಆರೋಗ್ಯ ವಿಮೆಯ ನಿರಾಮಯ ಕಾರ್ಡು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಅವರ ಪರವಾಗಿ ನಿರ್ಧಾರ ಮಾಡೋರು ಯಾರು ಅಂತ ಹೇಳೋ ಗಾರ್ಡಿಯನ್‌ಶಿಪ್ ಸರ್ಟಿಫಿಕೇಟು... ಯಾವುದು ಯಾವುದಕ್ಕೆ ಅಂತ ಮನೆಯವರಿಗೆ ತಲೆಬುಡ ಗೊತ್ತಾಗಲ್ಲ, ಯಾಕಂದ್ರೆ ಇವೆಲ್ಲ ಒಂದೊಂದು ಕಾಲದಲ್ಲಿ ಒಂದೊಂದು ಕಾರಣಕ್ಕೆ ಬಂದಿರೋವು.

1912ರ ಲ್ಯುನಸಿ ಕಾಯ್ದೆ ಬೌದ್ಧಿಕ ಅಂಗವಿಕಲತೆ ಇರೋರನ್ನೂ ಮಾನಸಿಕ ಕಾಯಿಲೆ ಇರೋರನ್ನೂ ಒಂದೇ ಗುಂಪಿಗೆ ಸೇರಿಸಿತ್ತು, 1987ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆ ಮಾಡ್ತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆರೋಗ್ಯ ಅಂದ್ರೆ ಹೆಚ್ಚಾಗಿ ಅಂಗವಿಕಲತೆ ಬರದಂತೆ ತಡೆಯೋದು, ಬೇಗ ಪತ್ತೆಹಚ್ಚೋದು. ಈಗಾಗ್ಲೇ ಅಂಗವಿಕಲತೆ ಇರೋ ಹುಡುಗನಿಗೆ ಹಲ್ಲುನೋವು ಬಂದ್ರೆ ಏನ್ಮಾಡೋದು ಅನ್ನೋದು ಅದ್ರಲ್ಲಿ ಇರ್ಲಿಲ್ಲ.

1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ (ಬೌದ್ಧಿಕ ಅಂಗವಿಕಲತೆಯ ಹಳೇ ಹೆಸರು), ಬಹುವಿಧ ಅಂಗವಿಕಲತೆ ಇರೋರಿಗೆ ಅಂತಲೇ ಮಾಡಿದ್ದು. ಅದರ ಅಡಿಯಲ್ಲೇ ಆಮೇಲೆ ನಿರಾಮಯ ವಿಮೆ ಶುರುವಾಗಿದ್ದು, ಮೊದಲೇ ವೈದ್ಯಕೀಯ ಪರೀಕ್ಷೆ ಇಲ್ಲ, 1 ಲಕ್ಷ ರೂಪಾಯಿವರೆಗೆ ಕವರೇಜ್, ಒಪಿಡಿ, ಔಷಧಿ, ಥೆರಪಿ ಎಲ್ಲಾ ಸೇರುತ್ತೆ. ಬೇರೆ ಪಾಲಿಸಿ ಸಿಗೋದೇ ಕಷ್ಟ ಆಗಿದ್ದ ತಂದೆತಾಯಿಗೆ ಇದು ನಿಜಕ್ಕೂ ದೊಡ್ಡ ವಿಷಯ. ಆದ್ರೆ ದುಡ್ಡು ಮೊದಲು ಕೈಯಿಂದ ಹಾಕ್ಬೇಕು, ಬಿಲ್ಲು ಜೋಡಿಸಿ ಕಳಿಸ್ಬೇಕು, ಆಮೇಲೆ ಅದು ವಾಪಸ್ ಬರೋದು, ಕೂಲಿ ಮಾಡೋ ಮನೆಯಲ್ಲಿ ಆ ಮೊದಲ ದುಡ್ಡೇ ಇರಲ್ಲ ಅನ್ನೋದನ್ನ ಯೋಚಿಸ್ಬೇಕಿತ್ತು.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ ಒಪ್ಕೊಂಡಿತ್ತು, ಅದಕ್ಕೆ ತಕ್ಕ ಹಾಗೆ ಬಂದಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 25ನೇ ಸೆಕ್ಷನ್ ನೋಡಿ: ಮನೆ ಹತ್ರಾನೇ, ಅದ್ರಲ್ಲೂ ಹಳ್ಳಿಗಳಲ್ಲಿ, ಆದಾಯದ ಮಿತಿಗೆ ಒಳಪಟ್ಟು ಉಚಿತ ಚಿಕಿತ್ಸೆ, ಮತ್ತೆ ಆಸ್ಪತ್ರೆಯಲ್ಲಿ ಆದ್ಯತೆ. ಡಾಕ್ಟರು, ನರ್ಸುಗಳ ಕೋರ್ಸಿನಲ್ಲೇ ಅಂಗವಿಕಲತೆ ಬಗ್ಗೆ ಪಾಠ ಇರ್ಬೇಕು ಅಂತ 47ನೇ ಸೆಕ್ಷನ್ ಹೇಳುತ್ತೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ.

ಯಾಕಂದ್ರೆ ಮಾತಾಡಕ್ಕೆ ಬರದ ಹುಡುಗ ತಲೆ ಚಚ್ಕೊಂಡ್ರೆ, ಊಟ ಬಿಟ್ರೆ, ರಾತ್ರಿಯೆಲ್ಲಾ ಕಿರುಚಿದ್ರೆ "ಇವ್ನು ಇರೋದೇ ಹಾಗಲ್ವಾ" ಅಂದುಬಿಡ್ತಾರೆ. ಅದು ಕಿವಿನೋವೋ, ಮಲಬದ್ಧತೆಯೋ, ಹುಳುಕು ಹಲ್ಲೋ ಆಗಿರಬಹುದು. ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ, ಥೈರಾಯ್ಡ್ ಸಮಸ್ಯೆಯೂ ಜಾಸ್ತಿ, ಸುಸ್ತನ್ನ ಸೋಮಾರಿತನ ಅಂದ್ಕೊಂಡ್ರೆ ಅದು ಗೊತ್ತಾಗೋದು ಹೇಗೆ? ಇದನ್ನ ಹಿಡಿಯೋಕೆ ಬೇಕಾಗಿರೋದು ದುಬಾರಿ ಮಶೀನಲ್ಲ, ಹತ್ತು ನಿಮಿಷ ಜಾಸ್ತಿ ಟೈಮು, ಗಲಾಟೆ ಇಲ್ಲದ ಒಂದು ರೂಮು, ಅಮ್ಮ ಹೇಳೋದನ್ನ ಪೂರ್ತಿ ಕೇಳೋರು. ರಶ್ ಇರೋ ಒಪಿಡಿಯಲ್ಲಿ ಸಿಗದೇ ಇರೋದೂ ಇವೇ.

18 ತುಂಬಿದ ಮೇಲಂತೂ ಮಕ್ಕಳ ಡಾಕ್ಟರೂ ಕೈತಪ್ತಾರೆ. ಆಪರೇಷನ್ ಅಂದಾಗ ಸಹಿ ಯಾರು ಹಾಕ್ಬೇಕು ಅನ್ನೋ ಪ್ರಶ್ನೆ ಬರೋದೂ ಆಗ್ಲೇ, ಅದಕ್ಕೆ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಗಾರ್ಡಿಯನ್‌ಶಿಪ್ ಅರ್ಜಿಯನ್ನ ತುರ್ತು ಬರೋಕ್ಕಿಂತ ಮುಂಚೇನೇ ಹಾಕಿಡಿ.